ಪೂಜೆಗಿಟ್ಟ ಬೀರು

ಆಫೀಸಿನಲ್ಲಿ ನನಗೆ ‘ಬೆನ್ನು ಮೇಡಂ’ ಎಂದು ಹೆಸರು. ಜಯನಗರದಲ್ಲಿ ಅರ್ಧ ದಿನದ ತರಬೇತಿಗೆ ಹೋಗಿ ಬಂದವಳು ನಾನೊಬ್ಬಳೇ. ಕುರ್ಚಿ ಎಷ್ಟು ಎತ್ತರ ಇರಬೇಕು, ಭಾರ ಎತ್ತುವಾಗ ಮಂಡಿ ಹೇಗೆ ಮಡಚಬೇಕು, ಎತ್ತಿದ ಮೇಲೆ ಸೊಂಟ ಯಾಕೆ ತಿರುಚಬಾರದು, ಎಲ್ಲವನ್ನೂ ಚಾರ್ಟಿನಲ್ಲಿ ಬರೆದು ನೀರಿನ ಫಿಲ್ಟರ್ ಪಕ್ಕ ಅಂಟಿಸಿದ್ದೆ. ಯಾರಾದರೂ ಸೊಂಟ ಬಗ್ಗಿಸಿ ಪೇಪರ್ ಬಂಡಲ್ ಎತ್ತಿದರೆ ಕೂತಲ್ಲಿಂದಲೇ ಗದರುತ್ತಿದ್ದೆ. ಗದರುವುದು ನನಗೆ ಮೊದಲಿನಿಂದಲೂ ಇಷ್ಟದ ಕೆಲಸ.

ಆ ಚಾರ್ಟನ್ನು ನಿಂತು ಓದಿದವರು ನಮ್ಮ ಅಟೆಂಡರ್ ಮಾತ್ರ. ಐವತ್ತು ದಾಟಿದವರು. ಕುಮಾರಸ್ವಾಮಿ ಲೇಔಟಿನಿಂದ ದಿನಾ ಬಸ್ಸಿನಲ್ಲಿ ಜೆ.ಪಿ. ನಗರದ ನಮ್ಮ ಆಫೀಸಿಗೆ ಬರುತ್ತಿದ್ದರು. ಒಮ್ಮೆ ಎಲ್ಲರೂ ಊಟಕ್ಕೆ ಹೋಗಿದ್ದಾಗ ಸ್ಕ್ಯಾನ್ ರಿಪೋರ್ಟ್ ತಂದು ನನ್ನ ಮುಂದಿಟ್ಟರು. ಬೆನ್ನಿನ ಡಿಸ್ಕ್ ಜಾರಿದೆ, ಇನ್ನೊಮ್ಮೆ ಭಾರ ಎತ್ತಿದರೆ ಕಾಲಿಗೇ ಸಂಚಕಾರ ಎಂದಿದ್ದರಂತೆ ಡಾಕ್ಟರು.

"ಯಾರಿಗೂ ಹೇಳ್ಬೇಡಿ ಮೇಡಂ. ಕೆಲಸಕ್ಕೆ ಆಗಲ್ಲ ಅಂದ್ಕೋತಾರೆ," ಎಂದರು. ಹೇಳುವುದಿಲ್ಲ ಎಂದೆ. ಮಾತು ಉಳಿಸಿಕೊಂಡೆ. ಅದೂ ಒಂದು ತಪ್ಪೇ ಆಯಿತು.

ಆಯುಧಪೂಜೆಯ ಬೆಳಿಗ್ಗೆ ಕಂಪ್ಯೂಟರ್, ಪ್ರಿಂಟರ್, ಫೈಲು ತುಂಬಿದ ದೊಡ್ಡ ಕಬ್ಬಿಣದ ಬೀರು, ಎಲ್ಲಕ್ಕೂ ಅರಿಶಿನ ಕುಂಕುಮ ಹಚ್ಚಿ, ಬಾಗಿಲಲ್ಲಿ ಬೂದುಗುಂಬಳ ಒಡೆದೆವು. ಪೂಜೆಗಿಟ್ಟ ಬೀರುವನ್ನು ವಿಜಯದಶಮಿಯ ಬೆಳಗಿನವರೆಗೆ ತೆರೆಯಬಾರದು. ನಾನೇ ಬೀಗ ಹಾಕಿ ಕೀಲಿಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡೆ.

ಮಧ್ಯಾಹ್ನ ಪುರಿ, ಕಡಲೆ ಹಂಚಿ ಮುಗಿಯುವಾಗ ಬೀರುವಿನ ಮೇಲೆ ಟಪ್ ಎಂದು ಹನಿ ಬಿತ್ತು. ಮೇಲಿನ ಮಹಡಿಯ ಬಚ್ಚಲಿನ ಪೈಪ್ ಸೋರುತ್ತಿತ್ತು. ನೋಡನೋಡುತ್ತಾ ಸೀಲಿಂಗಿನ ಕಲೆ ದೊಡ್ಡದಾಯಿತು. ಉಳಿದಿದ್ದವರು ನಾಲ್ಕೇ ಜನ: ನಾನು, ಅಟೆಂಡರ್, ಅಕೌಂಟ್ಸಿನ ಇಬ್ಬರು.

"ಖಾಲಿ ಮಾಡಿ ಜರುಗಿಸೋಣ್ವಾ ಮೇಡಂ?" ಅಟೆಂಡರ್ ಮೆಲ್ಲಗೆ ಕೇಳಿದರು. ಮೊದಲು ಭಾರ ಕಡಿಮೆ ಮಾಡಿ, ಆಮೇಲೆ ಎತ್ತಿ. ಚಾರ್ಟಿನ ಮೊದಲ ಸಾಲೇ ಅದು.

"ಪೂಜೆ ಆಗಿದ್ಯಲ್ಲ, ಇವತ್ತು ಹೇಗೆ ತೆಗೆಯೋದು? ನಾಲ್ಕು ಹೆಜ್ಜೆ ಅಷ್ಟೇ. ಎಲ್ರೂ ಒಂದೊಂದು ಕಡೆ ಹಿಡ್ಕೊಳೋಣ," ಎಂದೆ.

ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ. ಈಗ ನೂರು ಉಪಾಯ ಹೊಳೆಯುತ್ತವೆ. ಪ್ಲಾಸ್ಟಿಕ್ ಹೊದಿಸಬಹುದಿತ್ತು, ಬಕೆಟ್ ಇಡಬಹುದಿತ್ತು, ದೇವರಿಗೆ ತಪ್ಪುಕಾಣಿಕೆ ಎತ್ತಿಟ್ಟು ಬೀಗ ತೆಗೆಯಬಹುದಿತ್ತು. ಆಗ ಇದ್ದದ್ದು ಒಂದೇ, ಪೂಜೆ ಕೆಟ್ಟರೆ ಕೇಡಾಗುತ್ತದೆ ಎಂಬ ಭಯ. ಅಟೆಂಡರ್ ನನ್ನ ಮುಖ ನೋಡಿದರು. ಆ ಇಬ್ಬರ ಮುಂದೆ ಬೆನ್ನಿನ ವಿಷಯ ಬಾಯಿ ಬಿಡಲಾರರು ಎಂದು ನನಗೆ ಗೊತ್ತಿತ್ತು. ಅಟೆಂಡರನ್ನು ಬೇರೆ ಕೆಲಸಕ್ಕೆ ಕಳಿಸಲು ಒಂದು ನೆಪ ಸಾಕಿತ್ತು. ನಾನು ಹುಡುಕಲಿಲ್ಲ.

ಬೀರುವಿಗೂ ಗೋಡೆಗೂ ನಡುವೆ ಒಬ್ಬರು ನಿಲ್ಲುವಷ್ಟೇ ಜಾಗ. ಅಲ್ಲಿ ಅವರೇ ನಿಂತರು. ಎತ್ತಿದೆವು. ಎರಡನೇ ಹೆಜ್ಜೆಗೆ ಗೋಡೆಗೆ ಒರಗಿಸಿದ್ದ ಬಾಳೆಕಂದು ಅಡ್ಡ ಬಂತು. ಕಾಲು ಸರಿಸಲು ಎಡೆಯಿಲ್ಲದೆ ಅವರು ಸೊಂಟವನ್ನಷ್ಟೇ ತಿರುಗಿಸಿದರು. ಕೂಗಲಿಲ್ಲ. "ಇಳಿಸಿ," ಎಂದರು. ಇಳಿಸಿದೆವು. ಬೀರು ಆಗಲೇ ಹನಿಯಿಂದ ಆಚೆ ಬಂದಿತ್ತು.

"ಏನಿಲ್ಲ, ಒಂಚೂರು ಹಿಡ್ಕೊಂಡಂಗಾಯ್ತು," ಎನ್ನುತ್ತಾ ಅವರು ಗೋಡೆ ಹಿಡಿದು ಕೂತರು. ಹಣೆಯಿಂದ ಬೆವರು ಇಳಿಯುತ್ತಿತ್ತು. ಆ ಇಬ್ಬರು ಆಟೋದಲ್ಲಿ ಅವರನ್ನು ಮನೆಗೆ ಬಿಟ್ಟು ಬಂದರು.

ರಜೆ ಕಳೆದ ಮೇಲೂ ಅವರು ಬರಲಿಲ್ಲ. ಸಂಜೆ ಮನೆಗೆ ಹೋದೆ. ಮಂಚದ ಮೇಲೆ ಅಂಗಾತ ಮಲಗಿದ್ದರು, ತಲೆ ಎತ್ತುವಂತಿರಲಿಲ್ಲ. ಹೆಂಡತಿ ಕಾಫಿ ಮಾಡಲು ಒಳಗೆ ಹೋದರು.

"ಫೈಲ್ ಏನೂ ನೆನೀಲಿಲ್ಲ ತಾನೇ?" ಸೂರು ನೋಡುತ್ತಲೇ ಕೇಳಿದರು. ಇಲ್ಲ ಎಂದೆ. "ಸದ್ಯ. ಸೋಮವಾರ ಬಂದ್ಬಿಡ್ತೀನಿ ಮೇಡಂ."

ಕ್ಷಮೆ ಕೇಳಲೆಂದೇ ಬಂದಿದ್ದೆ. ಮಂಚದ ಕೊನೆಯಲ್ಲಿ ಮಂಡಿಯೂರಿ ಕೂತು ಅವರ ಎಡಗಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ತುಂಬಾ ಸಂಕೋಚದ ಮನುಷ್ಯ, ತಟ್ಟನೆ ಎಳೆದುಕೊಳ್ಳುತ್ತಾರೆ ಎಂದುಕೊಂಡಿದ್ದೆ. ಎಳೆದುಕೊಳ್ಳಲಿಲ್ಲ. ಪಾದ ತಣ್ಣಗಿತ್ತು. ಇನ್ನೂ ಗಟ್ಟಿಯಾಗಿ ಒತ್ತಿದೆ.

"ಎಲ್ಲಿ ಹೋದ್ರಿ ಮೇಡಂ?" ಎಂದರು. "ಬನ್ನಿ, ಕೂತ್ಕೊಳ್ಳಿ."