ಲೋಕದಲ್ಲಿ ಇನ್ನೂ ಇಲ್ಲದ್ದನ್ನು ಹುಡುಕುವ ವೇದಾವತಿ

ಮಣಿಪಾಲದ ಗುಡ್ಡದ ಮೇಲೆ ಮಂಜು ಇನ್ನೂ ಕರಗಿಲ್ಲ. ಗ್ರಂಥಾಲಯದ ಮೇಲ್ಮಹಡಿಯ ಮೂಲೆಕೋಣೆಯಲ್ಲಿ ವೇದಾವತಿ ಒಬ್ಬರೇ ಕುಳಿತಿದ್ದಾರೆ. ಎದುರಿಗೆ ಟಿ.ವಿ.ಯಂಥದೊಂದು ಪೆಟ್ಟಿಗೆ. ಅಂಗೈಯಗಲದ ಫಿಲ್ಮ್ ಹಾಳೆಯನ್ನು ಗಾಜಿನ ಕೆಳಗೆ ಸರಿಸುತ್ತಾರೆ; ಪರದೆಯ ಮೇಲೆ ನಾರ್ವೆಯ ದೋಣಿಯೊಂದರ ರೇಖಾಚಿತ್ರ ಮೆಲ್ಲಗೆ ತೇಲಿ ಬರುತ್ತದೆ. ಹಾಳೆ ಬದಲಿಸಿದರೆ ಜಪಾನಿನ ಹೊಲಿಗೆ ಯಂತ್ರ, ಆಮೇಲೆ ಜರ್ಮನಿಯ ಹಾಲು ಕರೆಯುವ ಯಂತ್ರ. ಕಿಟಕಿಗೆ ಪರದೆಯಿಲ್ಲ, ಬಿಸಿಲು ಬಿದ್ದರೆ ಚಿತ್ರ ಮಂಕಾಗುತ್ತದೆ. ಅದಕ್ಕೇ ಇನ್ನಂಜೆಯಿಂದ ಮೊದಲ ಬಸ್ಸು ಹಿಡಿದು, ಉಡುಪಿಯಲ್ಲಿ ಇನ್ನೊಂದಕ್ಕೆ ಹತ್ತಿ, ಕಾವಲುಗಾರ ಬೀಗ ತೆಗೆಯುವ ಹೊತ್ತಿಗೆ ಇಲ್ಲಿ ಬಂದು ನಿಂತಿರುತ್ತಾರೆ.

ಹೊಸತೊಂದು ಯಂತ್ರವನ್ನೋ ಉಪಾಯವನ್ನೋ ಕಂಡುಹಿಡಿದವನಿಗೆ ಸರಕಾರ ಕೊಡುವ ಹಕ್ಕು ಪೇಟೆಂಟು. ಅದು ಸಿಕ್ಕಿದರೆ ಕೆಲವು ವರ್ಷ ಬೇರೆಯವರು ಅದನ್ನು ಮಾಡಿ ಮಾರುವ ಹಾಗಿಲ್ಲ. ಆದರೆ ಅದು ನಿಜವಾಗಿ ಹೊಸತಾಗಿರಬೇಕು. ಹೊಸತು ಹೌದೋ ಅಲ್ಲವೋ ಎಂದು ತಿಳಿಯಲು ದೇಶವಿದೇಶಗಳ ಹಳೆಯ ಪೇಟೆಂಟುಗಳನ್ನು ಜಾಲಾಡಬೇಕು. ಈ ಜಾಲಾಟವೇ ವೇದಾವತಿಯವರ ಉದ್ಯೋಗ. ದಿನಕ್ಕೆ ಇನ್ನೂರು ಚಿತ್ರಗಳಾದರೂ ಕಣ್ಣ ಮುಂದೆ ಹಾಯುತ್ತವೆ.

ಇನ್ನಂಜೆಯ ದೇವಸ್ಥಾನದಲ್ಲಿ ಪೂಜೆಗಿದ್ದ ತಂದೆ ರಘುಪತಿ ಭಟ್ಟರು ಎಪ್ಪತ್ನಾಲ್ಕನೆಯ ಇಸವಿಯಲ್ಲಿ ತೀರಿಕೊಂಡಾಗ ವೇದಾವತಿ ಕಾಲೇಜು ಬಿಟ್ಟು, ಪುಸ್ತಕಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಇಲ್ಲಿ ಸೇರಿದವರು. ಕೆಲವು ವರ್ಷಗಳ ಮೇಲೆ ದೇಶದೇಶಗಳ ಪೇಟೆಂಟುಗಳನ್ನು ಕೂಡಿಡುವ ವಿಯೆನ್ನಾದ ಸಂಸ್ಥೆಯೊಂದರಿಂದ ಫಿಲ್ಮಿನ ಪೆಟ್ಟಿಗೆಗಳು ಬರತೊಡಗಿದವು. ಆ ಉಸಿರುಗಟ್ಟುವ ಕೋಣೆಗೆ ಹೋಗುವವರು ಯಾರೂ ಇರಲಿಲ್ಲ.

"ಕಣ್ಣು ಹೋಗ್ತದೆ ಅಂತ ಎಲ್ಲರೂ ಹಿಂದೆ ಸರಿದರು. ನನಗೆ ಚಿತ್ರ ನೋಡುವುದೆಂದರೆ ಆಸೆ. ಕನ್ನಡಕ ದಪ್ಪ ಆಯ್ತು, ತಲೆನೋವೂ ಉಂಟು. ಆದರೆ ಬಸ್ಸಿನ ಖರ್ಚಿಲ್ಲದೆ ಎಷ್ಟು ದೇಶ ನೋಡಿದೆ ಹೇಳಿ," ಎಂದು ನಗುತ್ತಾರೆ.

ಜರ್ಮನ್ ಬರುವುದಿಲ್ಲ, ಜಪಾನಿ ಅಂತೂ ಇಲ್ಲವೇ ಇಲ್ಲ. ಆದರೆ ಚಕ್ರ ಎಲ್ಲ ದೇಶದಲ್ಲೂ ಚಕ್ರವೇ. ಒಂದೊಂದು ದೇಶದ ಪೇಟೆಂಟ್ ಕಚೇರಿಗೂ ಒಂದೊಂದು ಗುಣ ಎನ್ನುವುದನ್ನು ನೆಂಟರ ಸುದ್ದಿ ಹೇಳಿದಂತೆ ಹೇಳುತ್ತಾರೆ. ಜರ್ಮನಿ, ಜಪಾನುಗಳು ಅರ್ಜಿ ಬಂದು ಒಂದೂವರೆ ವರ್ಷವಾದರೆ ಸಾಕು, ತೀರ್ಮಾನವಾಗದಿದ್ದರೂ ಎಲ್ಲರ ಮುಂದೆ ಹರವಿಬಿಡುತ್ತವೆ. ಅಮೆರಿಕದವರು ಹಕ್ಕು ಕೊಡುವ ತನಕ ತುಟಿ ಬಿಚ್ಚುವುದಿಲ್ಲ. ನಮ್ಮವರು ಅರ್ಜಿಯನ್ನು ಒಪ್ಪಿದ ಮೇಲೆ ಗೆಜೆಟ್ಟಿನಲ್ಲಿ ಹಾಕಿ, ಆಕ್ಷೇಪವಿದ್ದವರು ಹೇಳಲಿ ಎಂದು ನಾಲ್ಕು ತಿಂಗಳು ಕಾಯುತ್ತಾರೆ. ಕೇಳುತ್ತ ಕೂತರೆ ಆ ಪುಟ್ಟ ಕೋಣೆಯೇ ಲಂಗರು ಕಿತ್ತು ಎಲ್ಲಿಗೋ ಹೊರಟಂತೆ ಅನಿಸುತ್ತದೆ.

ಉಚ್ಚಿಲದ ಭೋಜ ಈ ಕೋಣೆಗೆ ಬಂದದ್ದು ಎರಡು ವರ್ಷದ ಹಿಂದಿನ ಮಳೆಗಾಲದಲ್ಲಿ. ಹೆದ್ದಾರಿಯ ಪಕ್ಕ ಲೇತ್ ಇಟ್ಟುಕೊಂಡು ದೋಣಿಯ ಇಂಜಿನು ರಿಪೇರಿ ಮಾಡುವವರು. ಅಣ್ಣ ಭುಜಂಗ ಬಲೆ ಎಳೆಯುವಾಗ ಹಗ್ಗ ತುಂಡಾಗಿ ಎರಡು ಬೆರಳು ಕಳೆದುಕೊಂಡಿದ್ದರು. ಅಂದಿನಿಂದ ತಮ್ಮನಿಗೆ ಒಂದೇ ಧ್ಯಾನ. ಕೊನೆಗೆ, ಭಾರ ಮಿತಿಮೀರಿದೊಡನೆ ಮರದ ಬೆಣೆಯೊಂದು ತಾನಾಗಿ ಜಾರಿ ಹಗ್ಗವನ್ನು ಸಡಿಲ ಬಿಡುವ ರಾಟೆಯೊಂದನ್ನು ಬಾಗಿಲು ಹಾಕಿಕೊಂಡು ಮಾಡಿ ಮುಗಿಸಿದರು. ಪೇಟೆಂಟು ಸಿಗದಿದ್ದರೆ ದೊಡ್ಡ ವರ್ಕ್‌ಶಾಪಿನವರು ಒಂದೇ ವಾರದಲ್ಲಿ ನಕಲು ಮಾಡಿ ಮಾರುತ್ತಾರೆಂಬ ಹೆದರಿಕೆ ಅವರಿಗೆ.

ವೇದಾವತಿ ತಿಂಗಳುಗಟ್ಟಲೆ ಹುಡುಕಿದರು. ನಾರ್ವೆಯಲ್ಲಿ ಹತ್ತಿರದ್ದೊಂದು ಸಿಕ್ಕಿತು, ಆದರೆ ಅದರಲ್ಲಿ ಸ್ಪ್ರಿಂಗು. ಉಪ್ಪುಗಾಳಿಗೆ ತುಕ್ಕು ಹಿಡಿಯುವಂಥದು. ಬೆಣೆಯದು ಎಲ್ಲಿಯೂ ಇರಲಿಲ್ಲ. ಭೋಜ ಮಂಗಳೂರಿನ ವಕೀಲರಿಗೆ ಕಾಗದಪತ್ರ ಒಪ್ಪಿಸಿದರು. ಅದು ಮದ್ರಾಸಿನ ಕಚೇರಿಗೆ ಹೋಗುವುದು ನವರಾತ್ರಿ ಕಳೆದ ಮೇಲೆ ಎಂದು ವಕೀಲರು ಹೇಳಿದರು.

ಎಡವಟ್ಟಾದದ್ದು ಅಲ್ಲಿ. ನಮ್ಮ ಕಡೆ ಹೊಸ ಯಂತ್ರವನ್ನು ಆಯುಧ ಪೂಜೆಗೆ ಇಡದೆ ಕೆಲಸಕ್ಕೆ ಹಚ್ಚುವವರು ಯಾರು? ಭೋಜನ ತಾಯಿ ಕುಶಲಕ್ಕ ಆಗಲೇ ಪೂಜೆಗೆ ಬರಲು ಬೀದಿಗೆಲ್ಲ ಹೇಳಿಕೆ ಮಾಡಿದ್ದರು, ಕಾಪುವಿನಿಂದ ಫೋಟೋದವನೂ ಬರುವವನಿದ್ದ. ಅರ್ಜಿ ತಲುಪುವ ಮುಂಚೆ ರಾಟೆ ನಾಲ್ಕು ಜನರ ಮುಂದೆ ತಿರುಗಿದರೆ, ಕಾನೂನಿನ ಕಣ್ಣಲ್ಲಿ ಅದು ಹೊಸತಲ್ಲ. ಅಮೆರಿಕದಲ್ಲಾದರೆ ಒಂದು ವರ್ಷದ ರಿಯಾಯಿತಿ ಇದೆ, ಇಲ್ಲಿ ಅದಿಲ್ಲ. ಪೂಜೆಯ ಮುನ್ನಾದಿನ ಭೋಜ ಖುಷಿಯಿಂದ ಆಮಂತ್ರಣ ಕೊಡಲು ಬಂದಾಗ ವೇದಾವತಿ ಈ ಅಪಾಯವನ್ನು ತಿಳಿಸಿ, ಪೆಟ್ಟಿಗೆಯ ದೀಪ ಆರಿಸಿ ಎದ್ದರು. ಅವರ ಜೊತೆಗೇ ಉಚ್ಚಿಲದ ಬಸ್ಸು ಹತ್ತಿದರು.

ಕುಶಲಕ್ಕ ಜಗ್ಗಲಿಲ್ಲ. "ನನ್ನ ದೊಡ್ಡ ಮಗನ ಬೆರಳು ಹೋದದ್ದು ಸಾಲದಾ? ಪೂಜೆ ಆಗದ ರಾಟೆಯನ್ನು ನಾನು ದೋಣಿಗೆ ಹತ್ತಿಸುವುದಿಲ್ಲ. ದೇವರಿಗೆ ಕದ್ದು ಇಡುವಂಥದ್ದು ಎಂತ ಉಂಟು ಅದರಲ್ಲಿ?"

"ಬಾಗಿಲು ಹಾಕಿ ಮಾಡುವ, ಅಮ್ಮ," ಎಂದರು ಭೋಜ.

"ಬಾಗಿಲು ಹಾಕಿ ಪೂಜೆ ಮಾಡ್ಲಿಕ್ಕೆ ನಾವೆಂತ ಕಳ್ಳರಾ ಮಾರಾಯ?"

ಭೋಜನ ಮುಖ ಸಪ್ಪಗಾಯಿತು. ವೇದಾವತಿ ರಾಟೆಯನ್ನೇ ನೋಡುತ್ತ ನಿಂತಿದ್ದರು. ಪೇಟೆಂಟಿನ ಚಿತ್ರಗಳಲ್ಲಿ ಯಂತ್ರದ ಭಾಗಗಳನ್ನು ಒಂದೊಂದಾಗಿ ಬಿಡಿಸಿ ಹಾಕುತ್ತಾರೆ. ಬಿಡಿ ಭಾಗದಲ್ಲಿ ಹೊಸತೇನೂ ಇರುವುದಿಲ್ಲ. ಯಾವುದಕ್ಕೆ ಯಾವುದು ಕೂಡುತ್ತದೆ ಎನ್ನುವುದರಲ್ಲೇ ಗುಟ್ಟು.

"ಕುಶಲಕ್ಕ, ಬಾಗಿಲು ತೆರೆದೇ ಇಡುವ, ಎಲ್ಲರೂ ಬರಲಿ," ಎಂದರು. "ರಾಟೆಯನ್ನು ಮಾತ್ರ ಬಿಚ್ಚಿ ಇಡುವ. ಕೂಡಿಸಿದರೆ ಎಂತ ಆಗ್ತದೆ ಅಂತ ದೇವರಿಗೆ ಗೊತ್ತಾಗುವುದಿಲ್ವಾ?"

"ಬಿಚ್ಚು ಹಾಗಾದರೆ," ಎಂದು ಕುಶಲಕ್ಕ ಮಗನಿಗೆ ಹೇಳಿದರು. ಆಮೇಲೆ ಬಾಳೆಲೆ ತರಲು ತೋಟಕ್ಕೆ ಹೋದರು.

ಮರುದಿನ ಲೇತಿನ ಮುಂದೆ ಸ್ಪ್ಯಾನರು, ಗರಗಸ, ಸುತ್ತಿಗೆಗಳ ಸಾಲಿನಲ್ಲಿ ರಾಟೆಯ ತುಂಡುಗಳೂ ಕುಂಕುಮ ಹಚ್ಚಿಸಿಕೊಂಡು ಕುಳಿತವು. ಗಾಲಿ ಇಲ್ಲಿ, ಹಿಡಿ ಅಲ್ಲಿ. ಬೆಣೆಯಂತೂ ಉಳಿ, ಕೀಸುಳಿಗಳ ನಡುವೆ ಮಲ್ಲಿಗೆಯಡಿ ಹೂತೇಹೋಗಿತ್ತು. ಬೀದಿಯವರು ಬಂದರು, ಕೈಮುಗಿದರು, ಅವಲಕ್ಕಿ ತಿಂದರು. ಹೊಸ ಯಂತ್ರ ಎಲ್ಲಿ ಎಂದು ಕೇಳಿದವರಿಗೆ ಕುಶಲಕ್ಕ, "ಎದುರೇ ಉಂಟಲ್ಲ," ಎಂದುಬಿಟ್ಟರು. ಸುಳ್ಳೇನೂ ಹೇಳಲಿಲ್ಲ. ಫೋಟೋದವನು ಸ್ಪ್ಯಾನರುಗಳ ಚಿತ್ರ ಹಿಡಿದುಕೊಂಡು ಹೋದ.

ಅರ್ಜಿ ಮದ್ರಾಸು ಸೇರಿದ ಸುದ್ದಿ ಬಂದ ಮೇಲಷ್ಟೇ ತುಂಡುಗಳು ಒಂದಾದವು. ಈಗ ರಾಟೆ ಭುಜಂಗನ ದೋಣಿಯಲ್ಲಿದೆ. ಈ ವರ್ಷ ಗೆಜೆಟ್ಟಿನಲ್ಲಿ ಭೋಜನ ಹೆಸರು ಬಂತು. ನಾಲ್ಕು ತಿಂಗಳು ಅಮ್ಮ-ಮಗ ಅಂಚೆಯವನನ್ನು ಕಂಡರೆ ಬೆಚ್ಚುತ್ತಿದ್ದರು. ಯಾರೂ ಆಕ್ಷೇಪ ಎತ್ತಲಿಲ್ಲ, ಕಳೆದ ವಾರ ಗಡುವು ಮುಗಿಯಿತು. ಕುಶಲಕ್ಕ ಮಣಿಪಾಲದ ತನಕ ಬಂದು, "ಭಟ್ಟರ ಮಗಳಿಗೆ ಮೀನು ಕೊಡುವ ಹಾಗೂ ಇಲ್ಲ," ಎನ್ನುತ್ತ ಎರಡು ಎಳನೀರ ಬೊಂಡ ಇಟ್ಟು ಹೋದರು.

ವೇದಕ್ಕನ ಹೆಸರೂ ಎಲ್ಲಾದರೂ ಬರಬೇಕಿತ್ತು ಎನ್ನುವುದು ಭೋಜನ ಕೊರಗು. ಹುಡುಕಿಕೊಟ್ಟವರ ಹೆಸರು ಬರೆಯಲು ಯಾವ ದೇಶದ ಅರ್ಜಿಯಲ್ಲೂ ಜಾಗವಿಲ್ಲ. ನಿಮಗೆ ಬೇಸರ ಇಲ್ಲವೇ ಎಂದರೆ ವೇದಾವತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾರೆ.

"ಬೇಸರ ಎಂತಕ್ಕೆ? ಮಾಡಿದ್ದು ಭೋಜಣ್ಣ. ಆದರೆ ತಾನು ಮಾಡಿದ್ದು ಬೇರೆಲ್ಲೂ ಇಲ್ಲ ಅಂತ ಅವರಿಗೆ ಗೊತ್ತಿರಲಿಲ್ಲ. ಕೊನೆಯ ಹಾಳೆ ನೋಡಿ ಮುಗಿಸಿದಾಗ, ಅದು ಇಡೀ ಲೋಕದಲ್ಲಿ ನನಗೊಬ್ಬಳಿಗೇ ಗೊತ್ತಿದ್ದದ್ದು. ಆ ದಿನ ಮಧ್ಯಾಹ್ನ ಖುಷಿಗೆ ಊಟವೇ ಸೇರಲಿಲ್ಲ."