ಶೂ ಹೊಲಿಗೆಯಲ್ಲಿದ್ದ ಮರಳು

ಪಕ್ಕದ ಮನೆಯ ಮೇಡಂ ಅವರ ಕ್ಯಾನ್ವಾಸ್ ಶೂಗಳ ಹೊಲಿಗೆಯಲ್ಲಿ ಕೆಂಪು ಮರಳು ಸಿಕ್ಕಿಕೊಂಡಿತ್ತು. ಈ ಐರಿಷ್ ಊರು ಕ್ಲಾಂಡಾಲ್ಕಿನ್‌ನಲ್ಲಿ ಅವರ ಮನೆಗೂ ನಮ್ಮ ಮನೆಗೂ ಒಂದೇ ಮೆಟ್ಟಿಲು. ಅಲ್ಲಿ ಸೂರಿನಡಿ, ಮಳೆ ತಾಗದಂತೆ, ಹೂಕುಂಡದ ಹಾಗೆ ಅವನ್ನು ಇಟ್ಟಿರುತ್ತಿದ್ದರು.

ಹಾಸನದಲ್ಲಿ ಭೂಗೋಳ ಪಾಠ ಮಾಡಿ ನಿವೃತ್ತರಾದವರು. ನನ್ನ ಹಾಗೇ ಡಾಕ್ಟರ್ ಮಗಳ ಮನೆಗೆ ಬಂದವರು. ಆದರೆ ಬರುವ ಮೊದಲು ಒಬ್ಬರೇ ಈಜಿಪ್ಟಿಗೆ ಹೋಗಿ, ಮರಳುಗಾಡಿನ ನಡುವೆ ಇರುವ ಒಂದು ಕ್ರೈಸ್ತ ಮಠ ನೋಡಿಕೊಂಡು ಬಂದಿದ್ದರು. ನಾನು ಒಬ್ಬಳೇ ಹೋಗಿ ನೋಡಿದ್ದೆಂದರೆ ಹಲ್ಲಿನ ಡಾಕ್ಟರನ್ನು.

ಲಾಕ್‌ಡೌನಿನಲ್ಲಿ ಹಿತ್ತಲ ಗೋಡೆಯ ಆಚೆ ಅವರು, ಈಚೆ ನಾನು. ದಿನವೂ ಅದೇ ಮಠ.

"ಗುಡಿ ಅಂದ್ಕೊಂಡು ಹೊರಬಾಗಿಲಲ್ಲೇ ಶೂ ಬಿಟ್ಟೆ ಕಣ್ರೀ. ಅಂಗಳದ ಕಲ್ಲು ಕಾದ ಹೆಂಚು. ಕುಣೀತಾ ನಿಂತೆ. ಒಬ್ರು ಮುದಿ ಸನ್ಯಾಸಿ ಬಂದು ತಮ್ಮ ಹೂಜಿ ನೀರೆಲ್ಲ ನನ್ನ ಕಾಲಿಗೆ ಸುರಿದ್ರು. ದಿನಕ್ಕೆ ಅವರಿಗೆ ಅಷ್ಟೇ ನೀರು."

"ಬಿಸಿಲಿಗೆ ತಲೆ ತಿರುಗಿರ್ಬೇಕು ಅವರಿಗೆ," ಎಂದೆ.

ಅಂದು ನನಗೆ ಊಟ ಸೇರಲಿಲ್ಲ. ನಲವತ್ತು ವರ್ಷದ ಸಂಸಾರದಲ್ಲಿ ನನ್ನ ಕಾಲಿಗೆ ಯಾರೂ ಒಂದು ಚೊಂಬು ನೀರು ಹಾಕಿರಲಿಲ್ಲ. ಮದುವೆಯಲ್ಲಿ ಕಾಲು ತೊಳೆಸಿಕೊಂಡವರೂ ನಮ್ಮ ಯಜಮಾನರೇ.

ಮರುದಿನ ಬೆಳಿಗ್ಗೆ ಆ ಶೂ ಎತ್ತಿಕೊಂಡು ಬಂದು, ಸೋಪು ಹಾಕಿ, ಒಂದೊಂದು ಹೊಲಿಗೆಯನ್ನೂ ಬ್ರಷ್ಷಿನಲ್ಲಿ ಉಜ್ಜಿ ತೊಳೆದುಬಿಟ್ಟೆ. ಆಗ ಎಲ್ಲರೂ ಬಾಳೆಹಣ್ಣನ್ನು ಕೂಡ ತೊಳೆಯುತ್ತಿದ್ದರಲ್ಲ.

"ಕೊರೊನಾ ಮೇಡಂ, ಅದಕ್ಕೇ," ಎಂದೆ.

ಅವರು ಬಿಳಿಚಿದ ಶೂಗಳನ್ನು ತಿರುಗಿಸಿ ನೋಡಿ, ಇಲ್ಲಿನವರು 'ಆಯ್ತು ಬಿಡಿ' ಎನ್ನುವ ಹಾಗೆ "ಗ್ರ್ಯಾಂಡ್," ಎಂದಷ್ಟೇ ಹೇಳಿ ಒಳಗೆ ಹೋದರು. ಮೂರು ದಿನ ಗೋಡೆಯ ಬಳಿ ಬರಲಿಲ್ಲ.

ಫೋನಿನಲ್ಲಿ ಕನ್ನಡ ಟೈಪ್ ಮಾಡಲು ನನಗೆ ಕಲಿಸುತ್ತಿದ್ದವರು ಅವರೇ. ನಾಲ್ಕನೆಯ ದಿನ ಒಂದು ಗಂಟೆ ಕೂತು ಒತ್ತಿದೆ: 'ಕೊರೊನಾಕ್ಕಲ್ಲ, ಹೊಟ್ಟೆಕಿಚ್ಚಿಗೆ ತೊಳೆದೆ.'

ಉತ್ತರ ತಕ್ಷಣ ಬಂತು: 'ಗೊತ್ತು. ಕೊರೊನಾಕ್ಕಾಗಿದ್ರೆ ಪಕ್ಕದಲ್ಲಿದ್ದ ನಿಮ್ಮ ಚಪ್ಪಲೀನೂ ತೊಳೀತಿದ್ರಿ. ಗೋಡೆ ಹತ್ರ ಬನ್ನಿ. ಮಠದಲ್ಲಿ ಊಟಕ್ಕೆ ಏನಿತ್ತು ಅಂತ ಇನ್ನೂ ಹೇಳಿಲ್ಲ.'

ಮುಂದಿನ ಚಳಿಗಾಲದಲ್ಲಿ ಆಸ್ಪತ್ರೆಗೆ ಹೋದ ಮೇಡಂ ಮರಳಿ ಬರಲಿಲ್ಲ. ಅಂತ್ಯಕ್ರಿಯೆಗೆ ಕೆಲವರಿಗಷ್ಟೇ ಅವಕಾಶ. ನಾನು ಫೋನಿನಲ್ಲಿ ನೋಡಿದೆ. ಆಮೇಲೆ ಅವರ ಮಗಳು ಶೂಗಳನ್ನು ತಂದುಕೊಟ್ಟಳು.

"ತೊಳೆದವರಿಗೇ ಕೊಡು ಅಂದಿದ್ರು ಆಂಟಿ, ಅಮ್ಮ."

ನನಗೆ ಎರಡು ಸೈಜ್ ದೊಡ್ಡವು. ಎರಡು ಜೊತೆ ಸಾಕ್ಸ್ ಹಾಕಿಕೊಂಡು ಪಾರ್ಕಿಗೆ ಹೋಗುತ್ತೇನೆ. ಮೊನ್ನೆ ಒಳಹೊಲಿಗೆಯಲ್ಲಿ ಉಗುರಿಗೆ ನಾಲ್ಕು ಕಾಳು ಕೆಂಪು ಮರಳು ತಗುಲಿತು. ಅಲ್ಲೇ ಬಿಟ್ಟಿದ್ದೇನೆ. ಯಾರಾದರೂ ಶೂ ನೋಡಿದರೆ ಈಜಿಪ್ಟಿನ ಮರಳುಗಾಡಿಗೆ ಹೋಗಿ ಬಂದದ್ದು ಎನ್ನುತ್ತೇನೆ. ಹೋಗಿದ್ದವರು ಯಾರು ಎಂದು ಯಾರೂ ಕೇಳಿಲ್ಲ. ನಾನೂ ಹೇಳಿಲ್ಲ.