ಕೈಕಟ್ಟಿ ನಿಂತ ಉತ್ತರ

ಮೂಡಬಿದಿರೆಯಿಂದ ಬೆಳ್ತಂಗಡಿಗೆ ಹೊರಟ ಸರಕಾರಿ ಬಸ್ಸಿನಲ್ಲಿ ಕುಳಿತು ನಾನು ಏನೋ ಗಹನವಾದದ್ದನ್ನು ಯೋಚಿಸುತ್ತಿದ್ದೆ ಎಂದಿಟ್ಟುಕೊಳ್ಳಿ. ಶಿರ್ತಾಡಿ ದಾಟುವಾಗ ನೋಡುತ್ತೇನೆ, ಬೆರಳುಗಳ ನಡುವೆ ಟಿಕೆಟು ಸುರುಳಿಯಾಗಿ ಅಚ್ಚುಕಟ್ಟಾದ ಬೀಡಿಯಾಗಿದೆ. ಜನ್ಮದಲ್ಲಿ ಬೀಡಿ ಸೇದದವನಿಗೆ ಈ ವಿದ್ಯೆ ಬಂದದ್ದು ಮೈಮೂನಳಿಂದ.

ತೊಂಬತ್ತರ ದಶಕದಲ್ಲಿ ವೇಣೂರಿನ ಆಚೆ ಒಂದು ಸರಕಾರಿ ಶಾಲೆಯಲ್ಲಿ ನಾನು ವಿಜ್ಞಾನದ ಮೇಷ್ಟ್ರು. ಅವಳು ಏಳನೆಯ ತರಗತಿ. ಪ್ರಶ್ನೆ ಕೇಳಿದರೆ ಎದ್ದು ಕೈಕಟ್ಟಿ ಉತ್ತರಿಸಬೇಕೆಂಬುದು ನಮ್ಮ ಶಾಲೆಗಳ ಅನಾದಿ ಶಿಷ್ಟಾಚಾರವಷ್ಟೆ. ಮೈಮೂನ ಏಳುತ್ತಿದ್ದಳು, ಕೈಕಟ್ಟುತ್ತಿದ್ದಳು; ಉತ್ತರ ಮಾತ್ರ ಬರುತ್ತಿರಲಿಲ್ಲ. ದೂರು ಹೇಳಲು ಒಂದು ಶನಿವಾರ ಅವಳ ಮನೆಗೇ ಹೋದೆ. ಜಗಲಿಯಲ್ಲಿ ತಾಯಿ ಮಗಳು ಬೀಡಿ ಕಟ್ಟುತ್ತಿದ್ದರು. ಸಾಕ್ಷಿಗಿರಲೆಂದು ಅಲ್ಲೇ ರಕ್ತಪರಿಚಲನೆಯ ಒಂದು ಪ್ರಶ್ನೆ ಎಸೆದೆ. ಹುಡುಗಿ ತಲೆಯೆತ್ತದೆ ಎಲೆ ಸುತ್ತುತ್ತಲೇ ರಕ್ತವನ್ನು ಹೃದಯದ ನಾಲ್ಕೂ ಕೋಣೆ ಸುತ್ತಿಸಿ, ಶ್ವಾಸಕೋಶ ತೋರಿಸಿ, ಕ್ಷೇಮವಾಗಿ ಮನೆಗೆ ತಲುಪಿಸಿದಳು.

"ಇವಳಿಗೆ ಕೈ ನಿಂತರೆ ಬಾಯಿಯೂ ನಿಲ್ತದೆ ಮಾಷ್ಟ್ರೇ," ಎಂದರು ತಾಯಿ. "ಪಾಸಾದ್ರೆ ಹೈಸ್ಕೂಲಿಗೆ ಕಳಿಸುವ ಅಂತ ಇವಳ ಅಪ್ಪ ಹೇಳಿದ್ದಾರೆ. ಇಲ್ಲದಿದ್ರೆ ಇದೇ ಎಲೆ."

ತರಗತಿಯಲ್ಲೂ ಅವಳ ಕೈಗೊಂದು ಎಲೆ ಕೊಡುವ ಎಂದು ಹೆಡ್ಮಾಸ್ತರಿಗೆ ವರದಿ ಒಪ್ಪಿಸಿದೆ. ನ್ಯಾಯದ ವಿಷಯದಲ್ಲಿ ಅವರು ತಕ್ಕಡಿಗಿಂತ ನಿಷ್ಠುರ. "ಒಬ್ಬಳಿಗೆ ಎಲೆ ಕೊಟ್ಟರೆ ಪಕ್ಷಪಾತ ಆಗ್ತದೆ ಮಾರಾಯ್ರೆ. ಕೊಡುವುದಾದರೆ ಎಲ್ಲರಿಗೂ ಕೊಡುವ!" ಅಂಗಳದ ಹಲಸಿನ ಎಲೆಗಳು ಸಮಾನವಾಗಿ ಹಂಚಲ್ಪಟ್ಟವು. ಮೈಮೂನ ಎಲೆ ಸುತ್ತುತ್ತಾ ಪಾಠವಿಡೀ ಹೇಳಿದಳು. ತರಗತಿಗೇ ಮೊದಲಿಗ, ಹೋಟೆಲಿನವರ ಮಗ ಸುರೇಶ, ಎಲೆಯನ್ನು ನೋಡುತ್ತಾ ತನ್ನ ಹೆಸರೂ ಮರೆತವನಂತೆ ನಿಂತ.

"ಸರ್, ಇದನ್ನು ಕೆಳಗೆ ಇಡ್ಲಾ?" ಅಳುವುದೊಂದು ಬಾಕಿ.

ಹೆಡ್ಮಾಸ್ತರು ಕನ್ನಡಕ ಒರೆಸಿದರು. "ಅವ ಕೈ ಕಟ್ಟಲಿ, ಇವಳು ಕೈ ಆಡಿಸಲಿ," ಎಂದರು ಕೊನೆಗೆ. "ಪ್ರಶ್ನೆ ಒಂದೇ ಇದ್ದರೆ ಸಾಕು."

ಆದರೆ ಏಳನೆಯದಕ್ಕೆ ಪಬ್ಲಿಕ್ ಪರೀಕ್ಷೆ. ಕೇಂದ್ರ ಬೇರೆ ಶಾಲೆ. ಬಲಗೈಯಲ್ಲಿ ಬರೆಯುತ್ತಾ ಎಡಗೈಯಲ್ಲಿ ಎಲೆ ಸುತ್ತುತ್ತಿದ್ದವಳ ಮುಷ್ಟಿಯನ್ನು ಮೇಲ್ವಿಚಾರಕರು ಬಿಡಿಸಿದರಂತೆ. ಕಾಪಿ ಚೀಟಿಯೆಂಬ ಗುಮಾನಿ. ಎಲೆಯ ಆ ಮಗ್ಗುಲು ನೋಡಿದರು, ಈ ಮಗ್ಗುಲು ನೋಡಿದರು. ಏನೂ ಬರೆದಿರಲಿಲ್ಲ. ಕಿಟಕಿಯಿಂದಾಚೆ ಎಸೆದರು.

"ಮತ್ತೆ?" ಎಂದು, ಸುದ್ದಿ ತಂದ ಸುರೇಶನನ್ನು ಕೇಳಿದೆ.

"ಮತ್ತೆ ಎಂತ ಸರ್, ಕೈಕಟ್ಟಿ ನಿಂತ ಹಾಗೇ ಆಯ್ತು."

ಪಾಸಾದವರ ಪಟ್ಟಿಯಲ್ಲಿ ಅವಳಿರಲಿಲ್ಲ. ಮರುದಿನ, ಪರೀಕ್ಷೆಗೆ ಇನ್ನೊಮ್ಮೆ ಹಣ ಕಟ್ಟಿಸುವ ಎಂದು ಹೇಳಲು ಮನೆಗೆ ಹೋದೆ. ತಾಯಿ ನನಗೆ ಚಹಾ ಕೊಟ್ಟರು. "ನಿಮ್ಮ ಎಲೆ ಬೇಡ ಮಾಷ್ಟ್ರೇ. ನಮ್ಮ ಎಲೆ ಉಂಟಲ್ಲ." ಮೈಮೂನ ತಲೆಯೆತ್ತಲಿಲ್ಲ. ಕೈ ಓಡುತ್ತಿತ್ತು, ಬಾಯಿ ಮಾತ್ರ, ನಾನು ನೋಡಿದಂತೆ ಮೊದಲ ಸಲ, ಓಡಲಿಲ್ಲ.

ವೇಣೂರಿನಲ್ಲಿ ಟಿಕೆಟು ತನಿಖೆಯವರು ಬಸ್ಸು ಹತ್ತಿದರು. ನನ್ನ ಬೀಡಿಯನ್ನು ಕಂಡು ಹುಬ್ಬೇರಿಸಿ, ಬಿಡಿಸಿ, ಎರಡೂ ಮಗ್ಗುಲು ನೋಡಿದರು.

"ಸರಿ ಉಂಟು," ಎಂದು ಮರಳಿ ಕೊಟ್ಟರು.

ಅದನ್ನು ಮತ್ತೆ ಸುತ್ತಲು ನನ್ನಿಂದಾಗಲಿಲ್ಲ. ಬೆಳ್ತಂಗಡಿಯವರೆಗೂ ಅಂಗೈ ಮೇಲೆ ಬಿಡಿಸಿಟ್ಟುಕೊಂಡೇ ಕುಳಿತಿದ್ದೆ.